ಕೊರಡಿನ ಮೇಲಿನ ಅಣಬೆ: ಮೊದಲು ಮರ ನೋಡಿ, ಆಮೇಲೆ ಹೆಸರು ಕೇಳಿ

ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಆಗುವಷ್ಟರಲ್ಲಿ ಮಲೆನಾಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಣಬೆಯ ಚಿತ್ರಗಳು ಓಡಾಡತೊಡಗುತ್ತವೆ. ಬದುವಿನಲ್ಲಿ ಬಿದ್ದ ಹಲಸಿನ ಕೊಂಬೆ, ಕಳೆದ ವರ್ಷ ಕಡಿದ ಸಿಲ್ವರ್ ಓಕಿನ ಬೊಡ್ಡೆ, ಕೊಟ್ಟಿಗೆಯ ಹಿಂದೆ ಒಟ್ಟಿದ ಸೌದೆ, ಎಲ್ಲೆಂದರಲ್ಲಿ ಬಿಳಿ, ಕಂದು, ಕಿತ್ತಳೆ, ಕಪ್ಪು ಬಣ್ಣದವು ಎದ್ದಿರುತ್ತವೆ. ಚಿತ್ರದ ಕೆಳಗಿನ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ‘ಇದನ್ನು ತಿನ್ನಬಹುದಾ?’ ಉತ್ತರಕ್ಕೂ ಕಾಯಬೇಕಿಲ್ಲ. ಒಬ್ಬರು ‘ನಮ್ಮಜ್ಜಿ ಇದರದ್ದೇ ಪಲ್ಯ ಮಾಡ್ತಿದ್ರು’ ಅನ್ನುತ್ತಾರೆ. ಇನ್ನೊಬ್ಬರು ‘ವಿಷ, ಮುಟ್ಟಬೇಡಿ’ ಅನ್ನುತ್ತಾರೆ. ಮೂರನೆಯವರು ಮೊಬೈಲಿನ ಆ್ಯಪ್ ಕೊಟ್ಟ ಲ್ಯಾಟಿನ್ ಹೆಸರು ಹಾಕಿ ಮಾತು ಮುಗಿಸುತ್ತಾರೆ.

ಮೂವರೂ ನೋಡಿದ್ದು ಮೇಲಿನಿಂದ ತೆಗೆದ, ಟೋಪಿಯಷ್ಟೇ ಕಾಣುವ ಒಂದು ಚಿತ್ರವನ್ನು. ಮರದ ಮೇಲಿನ ಅಣಬೆಯನ್ನು ಗುರುತಿಸುವ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ಒದಗುವ ಭಾಗ ಅದು. ಅಣಬೆ ಎದ್ದದ್ದು ಯಾವ ಮರದ ಮೇಲೆ, ಆ ಮರ ಸತ್ತಿತ್ತೋ ಬದುಕಿತ್ತೋ, ಅದರ ಒಳಗೆ ಏನಾಗಿದೆ, ಅಣಬೆಯ ಅಡಿ ಹೇಗಿದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಕೇಳಬೇಕು ಅಂತ ಯಾರಿಗೂ ಅನ್ನಿಸುವುದೂ ಇಲ್ಲ. ತಿನ್ನುವ ಪ್ರಶ್ನೆ ಮೊದಲು ಬಂದರೆ ನೋಡುವ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಿ ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ.

ಅಣಬೆ ಎಂದು ನಾವು ಕರೆಯುವುದು ಶಿಲೀಂಧ್ರದ ಹಣ್ಣನ್ನು ಮಾತ್ರ. ಅದರ ದೇಹವಿರುವುದು ಮರದ ಒಳಗೆ: ಬರಿಗಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಎಳೆಗಳು ಕವಲೊಡೆದು ಹಬ್ಬಿದ ಜಾಲವಾಗಿ. ಶಾಲೆಯ ಪುಸ್ತಕದಲ್ಲಿ ಇದನ್ನು ಕವಕಜಾಲ ಅನ್ನುತ್ತಾರೆ. ಈ ಎಳೆಗಳು ಕಿಣ್ವಗಳನ್ನು ಹೊರಬಿಟ್ಟು, ಮರವನ್ನು ಇದ್ದಲ್ಲೇ ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತವೆ. ಹೊರಗೆ ಅಣಬೆ ಕಾಣುವ ಹೊತ್ತಿಗೆ ಒಳಗಿನ ಊಟ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆದಿರುತ್ತದೆ. ಮರ ಚೆನ್ನಾಗಿ ನೆನೆದಾಗ ಶಿಲೀಂಧ್ರ ಹಣ್ಣು ಬಿಡುತ್ತದೆ, ಬೀಜಕಗಳನ್ನು ಗಾಳಿಗೆ ಬಿಡುತ್ತದೆ, ಹಣ್ಣು ಕೊಳೆತುಹೋಗುತ್ತದೆ. ಒಳಗಿನ ಜಾಲ ಹಾಗೇ ಉಳಿಯುತ್ತದೆ. ಅಣಬೆ ಕಿತ್ತರೆ ಮರಕ್ಕೆ ಹಿಡಿದ ಪೀಡೆ ಹೋಯಿತು ಎಂದುಕೊಂಡು ಪ್ರತಿವರ್ಷ ಕತ್ತಿಯಿಂದ ಕೆರೆದು ತೆಗೆಯುವವರಿದ್ದಾರೆ. ಪಾಪ, ಅವರು ಮಾಡುತ್ತಿರುವುದು ಮಾವಿನಕಾಯಿ ಕೊಯ್ದಂಥ ಕೆಲಸ.

ಹಾಗಾಗಿ ಅಣಬೆ ಕಂಡ ಕೂಡಲೇ ಅದಕ್ಕೇ ಕೈ ಹಾಕುವುದು ಬೇಡ. ಪಕ್ಕದ ಮರವನ್ನು ಉಗುರಿನಿಂದ ಕೆರೆದು ನೋಡಿ. ಮರ ಎಂಬುದು ಮುಖ್ಯವಾಗಿ ಮೂರು ವಸ್ತುಗಳ ಹೆಣಿಗೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಮೊದಲೆರಡು ಸಕ್ಕರೆಯ ಸರಪಳಿಗಳು, ಜೀರ್ಣಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಲಿಗ್ನಿನ್ ಹಾಗಲ್ಲ. ಮರಕ್ಕೆ ಗಟ್ಟಿತನ ಕೊಡುವ, ಕಂದು ಛಾಯೆಯ, ಒಡೆಯಲು ಬಹಳ ಕಷ್ಟವಾದ ವಸ್ತು ಅದು. ಅದನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳಲ್ಲಿ ಮುಂದಿರುವುದು ಒಂದು ಗುಂಪಿನ ಶಿಲೀಂಧ್ರಗಳು. ಇವು ಹಿಡಿದ ಮರ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ನಾರುನಾರಾಗುತ್ತದೆ, ಹಿಂಡಿದರೆ ನೀರು ಬರುವಷ್ಟು ಮೆತ್ತಗಾಗುತ್ತದೆ. ಇದಕ್ಕೆ ಬಿಳಿ ಕೊಳೆತ ಎನ್ನೋಣ. ಇನ್ನೊಂದು ಗುಂಪು ಲಿಗ್ನಿನ್ನನ್ನು ಬಹುಪಾಲು ಹಾಗೇ ಬಿಟ್ಟು ಉಳಿದದ್ದನ್ನು ತಿನ್ನುತ್ತದೆ. ಆಗ ಮರ ಕಂದಾಗಿ, ಅಡ್ಡ ಉದ್ದ ಸೀಳಿ, ಚೌಕಚೌಕ ತುಂಡುಗಳಾಗಿ, ಕೊನೆಗೆ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಇದು ಕಂದು ಕೊಳೆತ.

ಕಂದು ಕೊಳೆತ ಹೆಚ್ಚಾಗಿ ಕಾಣುವುದು ಪೈನ್, ದೇವದಾರಿನಂಥ ಸೂಜಿಯೆಲೆಯ ಮರಗಳಲ್ಲಿ. ನಮ್ಮ ಘಟ್ಟದ ಅಗಲ ಎಲೆಯ ಮರಗಳಲ್ಲಿ ಬಿಳಿ ಕೊಳೆತದ್ದೇ ದರ್ಬಾರು. ಹೀಗಾಗಿ ಮಲೆನಾಡಿನ ಕೊರಡಿನಲ್ಲಿ ಕಂದು, ಚೌಕಚೌಕ ಲಡ್ಡು ಕಂಡರೆ ಅದೇ ಒಂದು ದೊಡ್ಡ ಸುಳಿವು. ನೂರಾರು ಸಾಧ್ಯತೆಗಳು ಒಮ್ಮೆಗೇ ಕೆಲವೇ ಕೆಲವಕ್ಕೆ ಇಳಿಯುತ್ತವೆ. ಅಣಬೆಯನ್ನು ಇನ್ನೂ ನೋಡಿಯೇ ಇಲ್ಲ ಎಂಬುದನ್ನು ಗಮನಿಸಿ.

ಸೌದೆ ಸೀಳುವಾಗ ಮಾಸಲು ಮರದ ನಡುವೆ ತೆಳ್ಳನೆಯ ಕಪ್ಪು ಗೆರೆಗಳು ಅಂಕುಡೊಂಕಾಗಿ ಓಡಿರುವುದನ್ನು ನೀವು ಕಂಡಿರಬಹುದು. ಒಂದೇ ಕೊರಡಿನಲ್ಲಿ ಬೀಡುಬಿಟ್ಟ ಬೇರೆ ಬೇರೆ ಶಿಲೀಂಧ್ರಗಳು ಎದುರಾದ ಕಡೆ ಹಾಕಿಕೊಂಡ ಗಡಿಗಳು ಅವು. ಎರಡೂ ಒಂದೇ ಜಾತಿಯದಾಗಿದ್ದರೂ ಬೇರೆ ಬೇರೆ ಜೀವಿಗಳಾಗಿದ್ದರೆ ಬೇಲಿ ಬೀಳುತ್ತದೆ. ಒಂದು ಮೊಳ ಉದ್ದದ ಕೊಂಬೆಯಲ್ಲಿ ಇಂಥ ನಾಲ್ಕಾರು ಆಸ್ತಿಪಾಲು ಇರುವುದು ಅಪರೂಪವಲ್ಲ. ಒಂದೇ ಕೊಂಬೆಯ ಮೇಲಿನ ಎರಡು ಅಣಬೆಗಳು ಒಂದೇ ಇರಬೇಕು ಎಂದು ಊಹಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಮರ ಸತ್ತಿದೆಯೋ ಬದುಕಿದೆಯೋ ಎಂಬ ಪ್ರಶ್ನೆ ಇನ್ನೂ ಮುಖ್ಯವಾದದ್ದು, ಕೃಷಿಕರಿಗಂತೂ ಹಣದ ಪ್ರಶ್ನೆ. ಸತ್ತ ಮರದ ಮೇಲಿನ ಬಹುಪಾಲು ಅಣಬೆಗಳು ಬದುಕಿರುವ ಮರದ ತಂಟೆಗೆ ಹೋಗುವುದಿಲ್ಲ. ಬಿದ್ದ ಹಲಸಿನ ಕೊಂಬೆಯಲ್ಲಿ ಅಣಬೆ ಎದ್ದಿತು ಎಂದು ಪಕ್ಕದ ಹಲಸಿನ ಮರಕ್ಕೆ ಔಷಧಿ ಹೊಡೆಯುವುದು ದಂಡ. ಆದರೆ ಕೆಲವು ಶಿಲೀಂಧ್ರಗಳಿಗೆ ಎರಡೂ ಆಗುತ್ತದೆ: ಬದುಕಿರುವಾಗಲೇ ಹಿಡಿದು, ಕೊಂದು, ಸತ್ತ ಮೇಲೂ ತಿನ್ನುತ್ತಾ ಕೂರುತ್ತವೆ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರು ಆ ರೋಗವನ್ನು ಅಣಬೆ ರೋಗ ಎಂದೇ ಕರೆಯುತ್ತಾರೆ.

ಅಣಬೆ ರೋಗ ತರುವುದು ಗ್ಯಾನೊಡರ್ಮಾ ಎಂಬ ಕುಲದ ಶಿಲೀಂಧ್ರ. ನೀರು ಬಸಿಯದ, ಆರೈಕೆ ತಪ್ಪಿದ ತೋಟಗಳಲ್ಲಿ ಇದರ ಕಾಟ ಹೆಚ್ಚು. ಮಣ್ಣಿನ ಮೂಲಕ, ಬೇರಿಗೆ ಬೇರು ತಾಗಿ ಹಬ್ಬುತ್ತದೆ. ಮೊದಲು ಕೆಳಗಿನ ಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುತ್ತವೆ. ನೋಡಿದವರು ನೀರು ಸಾಲದು ಎಂದುಕೊಂಡು ಇನ್ನಷ್ಟು ನೀರು ಬಿಡುತ್ತಾರೆ. ಕಾಂಡದ ಬುಡದಲ್ಲಿ ಕಂದು ಕಲೆ ಮೂಡಿ, ಅಂಟಿನಂಥ ದ್ರವ ಒಸರುತ್ತದೆ. ಬುಡದಲ್ಲಿ ಮೆರುಗು ಕೊಟ್ಟಂತೆ ಹೊಳೆಯುವ, ಕೆಂಗಂದು ಬಣ್ಣದ, ಅಂಚು ಮಾತ್ರ ಬೆಳ್ಳಗಿರುವ ಅಣಬೆ ಏಳುವುದು ಕೊನೆಗೆ. ಅಷ್ಟರಲ್ಲಿ ಆ ಮರ ಕೈಬಿಟ್ಟಂತೆಯೇ. ಬೆಳೆಗಾರ ಆಗ ಕಾಪಾಡಬೇಕಾದದ್ದು ಅದರ ಅಕ್ಕಪಕ್ಕದ ಮರಗಳನ್ನು: ಸತ್ತ ಮರವನ್ನು ಬುಡ, ಬೇರು ಸಮೇತ ಕಿತ್ತು ಸುಡುವುದು, ಸುತ್ತ ಕಂದಕ ತೆಗೆದು ಬೇರುಗಳ ಸಂಪರ್ಕ ಕಡಿಯುವುದು, ಬಸಿಗಾಲುವೆ ಸರಿಮಾಡುವುದು, ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಕೊಡುವುದು. ತೆಂಗಿನಲ್ಲಿ ತಂಜಾವೂರು ಸೊರಗು ರೋಗ ಎಂದು ಹೆಸರಾಗಿರುವುದೂ ಇದೇ ಕುಲದ ಕೆಲಸ. ಕಾಫಿ ತೋಟದಲ್ಲಿ ನೆರಳಿನ ಮರ ಕಡಿದು ಬೊಡ್ಡೆ ಅಲ್ಲೇ ಬಿಟ್ಟರೆ ಬೇರು ರೋಗದ ಶಿಲೀಂಧ್ರಗಳು ಆ ಬೊಡ್ಡೆಯಲ್ಲಿ ನೆಲೆನಿಂತು ಕಾಫಿ ಗಿಡಗಳಿಗೆ ದಾಟುತ್ತವೆ. ಅಲ್ಲಿಯೂ ಬೊಡ್ಡೆ ಕೀಳಿಸುವುದು ಹಳೆಯ ಪಾಠ.

ಪೇಟೆಯವರಿಗೂ ಇದರಲ್ಲಿ ಒಂದು ಮಾತಿದೆ. ರಸ್ತೆ ಬದಿಯ ಹಳೆಯ ಗುಲ್‌ಮೊಹರಿನ ಅಥವಾ ರೈನ್ ಟ್ರೀಯ ಬುಡದಲ್ಲಿ ಗಟ್ಟಿಯಾದ, ಕಪಾಟಿನ ಹಲಗೆಯ ಹಾಗೆ ಚಾಚಿದ ಅಣಬೆ ವರ್ಷವರ್ಷವೂ ದಪ್ಪವಾಗುತ್ತಿದ್ದರೆ, ಮೇಲೆ ಎಲೆ ಎಷ್ಟೇ ಹಸಿರಾಗಿರಲಿ, ಒಳಗೆ ಚೇಗು ಕೊಳೆಯುತ್ತಿದೆ ಎಂದರ್ಥ. ಮುಂಗಾರುಪೂರ್ವದ ಗಾಳಿಮಳೆಗೆ ‘ಹಸಿರು ಮರ ಏಕಾಏಕಿ ಬಿತ್ತು’ ಎಂಬ ಸುದ್ದಿಗಳಲ್ಲಿ ಎಷ್ಟೋ ಬಾರಿ ಆ ‘ಏಕಾಏಕಿ’ ಸರಿಯಲ್ಲ. ಹಾಗೆಂದು ಅಣಬೆ ಕಂಡ ಮರವನ್ನೆಲ್ಲ ಕಡಿಯಬೇಕೆಂದೂ ಅಲ್ಲ. ಮೇಲಿನ ಕೊಂಬೆಯಲ್ಲಿ ಎದ್ದದ್ದಕ್ಕೂ ಬುಡದಲ್ಲಿ ಎದ್ದದ್ದಕ್ಕೂ ಬಹಳ ವ್ಯತ್ಯಾಸವಿದೆ. ಬುಡದ್ದನ್ನು ತಿಳಿದವರಿಗೆ ತೋರಿಸಿ. ಕೊಂಬೆಯದನ್ನು ಬಿಡಿ, ಕೊಳೆತ ಕೊಂಬೆಯಲ್ಲಿ ಕುಟ್ರಹಕ್ಕಿಗೆ ಗೂಡು ಕೊರೆಯಲು ಸುಲಭ.

ಈಗ ಅಣಬೆಗೆ ಬರೋಣ. ಅದನ್ನು ಮಗುಚಿ, ಅಡಿಭಾಗ ನೋಡಿ. ಬೀಜಕಗಳು ಹುಟ್ಟುವ ಜಾಗ ಅದು, ಅದರ ರಚನೆಯೇ ಕುಟುಂಬದ ಗುರುತು. ಒಂದು ಬಗೆಯಲ್ಲಿ ಹಾಳೆಗಳಂತೆ ಸಾಲಾಗಿ ನಿಂತ ಕಿವಿರುಗಳಿರುತ್ತವೆ. ಇನ್ನೊಂದರಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳು, ಮತ್ತೊಂದರಲ್ಲಿ ಮುಳ್ಳಿನಂಥ ಹಲ್ಲುಗಳು. ಕೆಲವು ನುಣ್ಣಗೆ ಇರುತ್ತವೆ. ಕೊರಡಿನ ಮೇಲೆ ಹೆಚ್ಚಾಗಿ ಸಿಗುವುದು ರಂಧ್ರದವು. ಅವು ಸಾಮಾನ್ಯವಾಗಿ ಕಾಲಿಲ್ಲದೆ ಮರಕ್ಕೆ ಪಕ್ಕದಿಂದಲೇ ಅಂಟಿರುತ್ತವೆ, ತೊಗಲಿನ ಹಾಗೆ ಅಥವಾ ಕಟ್ಟಿಗೆಯ ಹಾಗೆ ಗಟ್ಟಿಯಾಗಿರುತ್ತವೆ, ಬೇಸಿಗೆಯಲ್ಲೂ ಉಳಿಯುತ್ತವೆ. ಮಳೆಗಾಲಕ್ಕೆ ಕಾಯದೆ ಕಲಿಯಬಯಸುವವರು ಇವುಗಳಿಂದ ಶುರು ಮಾಡಬಹುದು.

ಬಿಸಿಲಿಗೆ ಬಿದ್ದ ಕೊಂಬೆಯ ಮೇಲೆ ಕಣ್ಣು ಕುಕ್ಕುವ ಕೇಸರಿ ಕೆಂಪಿನ, ತೆಳ್ಳನೆಯ ಒಂದು ಅಣಬೆ ಇರುತ್ತದೆ. ಮೇಲೂ ಕೆಂಪು, ಅಡಿಯೂ ಕೆಂಪು, ಮುರಿದರೆ ಒಳಗೂ ಕೆಂಪು. ಅದು ಪಿಕ್ನೋಪೋರಸ್. ಇದನ್ನು ಬೇರೆಯದೆಂದು ತಪ್ಪು ತಿಳಿಯುವುದು ಕಷ್ಟ. ಕಾಡಿನ ನೆರಳಲ್ಲಿ, ಸಣ್ಣ ಕಡ್ಡಿಗಳ ಮೇಲೆ, ಕಂದು ಬಣ್ಣದ ಸುತ್ತುಪಟ್ಟಿಗಳಿರುವ, ನಯವಾಗಿ ಹೊಳೆಯುವ ಆಲಿಕೆಯೊಂದು ಹಳದಿ ಕಾಲಿನ ಮೇಲೆ ನಿಂತಿದ್ದರೆ ಅದು ಮೈಕ್ರೊಪೋರಸ್. ಅಡಿಯ ರಂಧ್ರಗಳು ಎಷ್ಟು ಸಣ್ಣವೆಂದರೆ ಬರಿಗಣ್ಣಿಗೆ ಬಿಳಿ ಕಾಗದದಂತೆ ಕಾಣುತ್ತದೆ. ಇದಕ್ಕೆ ತದ್ವಿರುದ್ಧ ಹೆಕ್ಸಗೋನಿಯಾ: ಅದರ ರಂಧ್ರಗಳು ದೊಡ್ಡವು, ಆರು ಮೂಲೆಯವು, ಜೇನಿನ ಹಲ್ಲೆಯ ಅಚ್ಚು. ಗ್ಯಾನೊಡರ್ಮಾದ ಅಡಿ ತಾಜಾ ಇದ್ದಾಗ ಬೆಳ್ಳಗಿರುತ್ತದೆ. ಅದರ ಮೇಲೆ ಕಡ್ಡಿಯಿಂದ ಗೀಚಿದರೆ ಗೀಚಿದಷ್ಟೂ ಕಂದಾಗುತ್ತದೆ. ಇದರ ಮೆರುಗಿಲ್ಲದ ದೊಡ್ಡ ಜಾತಿಯೊಂದರ ಮೇಲೆ ಪಶ್ಚಿಮದ ದೇಶಗಳಲ್ಲಿ ಕಲಾವಿದರು ಚಿತ್ರವನ್ನೇ ಕೊರೆಯುತ್ತಾರೆ. ಒಣಗಿದ ಮೇಲೆ ಚಿತ್ರ ವರ್ಷಗಟ್ಟಲೆ ನಿಲ್ಲುತ್ತದೆ.

ಕಿವಿರಿರುವವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸಾವಕಾಶವಾಗಿ ನೋಡಬೇಕು. ಅದು ಅಷ್ಟು ಸಾಮಾನ್ಯ, ಅಷ್ಟೇ ವಿಚಿತ್ರ. ಹೆಸರು ಸ್ಕಿಜೋಫಿಲ್ಲಮ್ ಕಮ್ಯೂನ್. ಮಾವಿನ ಒಣಕೊಂಬೆ, ಅಕೇಶಿಯಾ ಸೌದೆ, ರಬ್ಬರ್ ಮರದ ತುಂಡು, ಬೇಲಿಯ ಗೂಟ, ಯಾವುದರ ಮೇಲೂ ಬೆಳೆಯುತ್ತದೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ಹೆಬ್ಬೆರಳಿನ ಉಗುರಿನಷ್ಟರಿಂದ ಎರಡು ಬೆರಳಿನ ಅಗಲದವರೆಗಿನ ಬೀಸಣಿಗೆಗಳು ಸಾಲುಸಾಲಾಗಿ ನಿಂತಿರುತ್ತವೆ. ಮೇಲ್ಭಾಗ ಬೂದು ಬಿಳಿ, ತುಂಬ ರೋಮ. ಮಗುಚಿ ನೋಡಿದರೆ ಗುಲಾಬಿ ಛಾಯೆಯ ಬೂದು ಕಿವಿರುಗಳು, ಒಂದೊಂದು ಕಿವಿರೂ ಉದ್ದಕ್ಕೆ ಎರಡಾಗಿ ಸೀಳಿದೆ. ಇಂಥ ಸೀಳು ಇನ್ಯಾವ ಸಾಮಾನ್ಯ ಅಣಬೆಯಲ್ಲೂ ಇಲ್ಲ. ಒಂದು ಭೂತಗನ್ನಡಿ ಇದ್ದರೆ ಸಾಕು, ಮಕ್ಕಳೂ ಖಚಿತವಾಗಿ ಗುರುತಿಸಬಹುದು.

ಆ ಸೀಳಿಗೆ ಒಂದು ಕೆಲಸವಿದೆ. ಬಿಸಿಲು ಬಂದು ಒಣಗಿದಾಗ ಸೀಳಿದ ಎರಡೂ ಬದಿಗಳು ಹೊರಕ್ಕೆ ಸುರುಳಿ ಸುತ್ತಿಕೊಂಡು ಬೀಜಕ ಹುಟ್ಟುವ ಮೇಲ್ಮೈಯನ್ನು ಒಳಗೆ ಮುಚ್ಚಿಕೊಳ್ಳುತ್ತವೆ. ಮತ್ತೆ ಮಳೆ ಬಿದ್ದರೆ ಬಿಚ್ಚಿಕೊಂಡು ಕೆಲಸ ಮುಂದುವರಿಸುತ್ತವೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಸೌದೆ ರಾಶಿಯಿಂದ ಒಣಗಿ ಮುದುಡಿದ ಒಂದನ್ನು ತಂದು ಒದ್ದೆ ಬಟ್ಟೆಯ ಮೇಲಿಡಿ, ಕೆಲವೇ ಗಂಟೆಗಳಲ್ಲಿ ಅರಳುತ್ತದೆ. ಒಣಗಿಸಿಟ್ಟ ಮಾದರಿಗಳು ದಶಕಗಳ ನಂತರವೂ ಹೀಗೆ ಎಚ್ಚೆತ್ತಿವೆ. ಇನ್ನೂ ಒಂದು ವಿಷಯಕ್ಕೆ ಜೀವವಿಜ್ಞಾನಿಗಳು ಇದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನಮಗೆ ಗಂಡು, ಹೆಣ್ಣು ಎಂಬ ಎರಡು ವಿಧವಿದ್ದರೆ ಇದರಲ್ಲಿ ಕೂಡಿಕೆಯ ವಿಧಗಳು 20,000ಕ್ಕೂ ಹೆಚ್ಚು. ಎದುರಾದ ಅಪರಿಚಿತ ಜೋಡಿ ಹೆಚ್ಚುಕಡಿಮೆ ಯಾವಾಗಲೂ ಹೊಂದಿಕೆಯಾಗುತ್ತದೆ. ಇಷ್ಟು ವಿಶಾಲವಾಗಿ ಹಬ್ಬಿದ್ದರ ಹಿಂದೆ ಈ ಉದಾರತೆಯ ಪಾಲೂ ಇರಬೇಕು. ಮಣಿಪುರದ ಮಾರುಕಟ್ಟೆಯಲ್ಲಿ ಇದನ್ನು ಕಾಂಗ್ಲಾಯೆನ್ ಎಂಬ ಹೆಸರಿನಲ್ಲಿ ತರಕಾರಿಯಾಗಿ ಮಾರುತ್ತಾರೆ. ಅಪರೂಪಕ್ಕೆ ಇದೇ ಶಿಲೀಂಧ್ರ ಮನುಷ್ಯರ ಸೈನಸ್, ಶ್ವಾಸಕೋಶಗಳಿಗೆ ಸೋಂಕು ತಂದದ್ದೂ ವೈದ್ಯಕೀಯ ದಾಖಲೆಯಲ್ಲಿದೆ.

ಟೋಪಿ, ಕಾಲು, ಕಿವಿರು ಎಂಬ ಲೆಕ್ಕಕ್ಕೇ ಬಾರದವೂ ಕೊರಡಿನ ಮೇಲಿವೆ. ಕಂದು ಬಣ್ಣದ, ಮೆತ್ತಗೆ ಜೆಲ್ಲಿಯಂತಿರುವ, ಕಿವಿಯಾಕಾರದ್ದು ಆರಿಕ್ಯುಲೇರಿಯಾ. ಚೀನಿ ಅಡುಗೆಯಲ್ಲಿ ಕಪ್ಪಗೆ ಚೂರುಚೂರಾಗಿ ಸಿಗುವುದು ಇದರದೇ ಬಳಗ. ಬಿರುಕಿನ ಸಾಲಿನಲ್ಲಿ ಎದ್ದ ಪುಟ್ಟ ಹಳದಿ ಚಮಚಗಳು ಡ್ಯಾಕ್ರಿಯೊಪಿನಾಕ್ಸ್. ಸುಟ್ಟ ಬೆರಳುಗಳಂತೆ ಕಪ್ಪಗೆ ನಿಂತವು ಕ್ಸೈಲೇರಿಯಾ. ಇದ್ದಿಲಿನ ಉಂಡೆಯಂತಿರುವುದು ಡಾಲ್ಡಿನಿಯಾ, ಅದನ್ನು ಸೀಳಿದರೆ ಒಳಗೆ ವರ್ತುಲಗಳು. ಕಡ್ಡಿಯ ಮೇಲೆ ಹಕ್ಕಿಗೂಡಿನ ಆಕಾರದ ಪುಟಾಣಿ ಬಟ್ಟಲಿದ್ದು ಒಳಗೆ ಮೊಟ್ಟೆಗಳಂಥ ಕಾಳುಗಳಿದ್ದರೆ ಸೈಯಾಥಸ್. ಮಳೆಹನಿ ನೇರವಾಗಿ ಬಟ್ಟಲಿಗೆ ಬಿದ್ದಾಗ ಆ ರಭಸಕ್ಕೆ ಕಾಳುಗಳು ಹೊರಗೆ ಚಿಮ್ಮಿ ದೂರ ಹೋಗಿ ಅಂಟಿಕೊಳ್ಳುತ್ತವೆ. ಬೀಜಕ ಹರಡಲು ಗಾಳಿಯನ್ನು ನೆಚ್ಚದೆ ಮಳೆಯನ್ನೇ ನೆಚ್ಚಿದ ಅಣಬೆ. ಇವುಗಳ ನಡುವೆ ಅಣಬೆಯೇ ಅಲ್ಲದವೂ ಸೇರಿಕೊಂಡಿರುತ್ತವೆ: ರಾತ್ರೋರಾತ್ರಿ ಹರಿದು ಬಂದ ಹಳದಿ ಲೋಳೆ, ಗುಲಾಬಿ ಗುಂಡುಗಳು, ಕಂದು ಕೂದಲಿನ ಸಣ್ಣ ಕುಚ್ಚುಗಳು. ಇವು ಲೋಳೆಬೂಸ್ಟುಗಳು. ಶಿಲೀಂಧ್ರಗಳ ನೆಂಟರಲ್ಲ, ಅಮೀಬಾದ ಕಡೆಯವು. ಕೊರಡಿನ ಬ್ಯಾಕ್ಟೀರಿಯಾಗಳನ್ನು ತಿನ್ನುತ್ತಾ ಜಾಗ ಬದಲಿಸುತ್ತವೆ.

ರಾತ್ರಿ ಕಾಡಿಗೆ ಹೋಗುವ ಅವಕಾಶ ಸಿಕ್ಕವರಿಗೆ ಇನ್ನೊಂದು ಸುಳಿವೂ ಉಂಟು. ಮಹಾರಾಷ್ಟ್ರದ ಭೀಮಾಶಂಕರ ಮಳೆಗಾಲದಲ್ಲಿ ಹೊಳೆಯುವ ಕಾಡಿಗೆ ಹೆಸರಾಗಿದೆ. ಅಲ್ಲಿ ಹಸಿರು ಬೆಳಕು ಬರುವುದು ಎಷ್ಟೋ ಬಾರಿ ಅಣಬೆಯಿಂದಲ್ಲ, ಕೊಳೆಯುತ್ತಿರುವ ಕಡ್ಡಿ, ಕೊರಡಿನಿಂದಲೇ. ಹೊಳೆಯುವುದು ಒಳಗೆ ಹಬ್ಬಿದ ಎಳೆಗಳು. ಟಾರ್ಚ್ ಆರಿಸಿ ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾಯಬೇಕು, ಅಷ್ಟೇ.

ಕಿವಿರಿರುವ ಮೆತ್ತನೆಯ ಅಣಬೆಗಳಿಗೆ ಕಣ್ಣಳತೆ ಸಾಲದು. ಅಲ್ಲಿ ಬೀಜಕದ ಬಣ್ಣ ಬೇಕು. ಟೋಪಿಯನ್ನು ಕತ್ತರಿಸಿ, ಅಡಿಭಾಗ ಕೆಳಗೆ ಮಾಡಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು, ಮೇಲೊಂದು ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಪುಡಿಯ ಅಚ್ಚು ಬಿದ್ದಿರುತ್ತದೆ. ಚಿಪ್ಪಣಬೆಯ ಅಚ್ಚು ಬಿಳಿ ಅಥವಾ ತಿಳಿ ನೇರಳೆ ಛಾಯೆಯದು. ಬೊಡ್ಡೆಯ ಮೇಲೆ ನೂರಾರು ಬೂದು ಗಂಟೆಗಳಂತೆ ಎದ್ದು ಎರಡು ದಿನದಲ್ಲಿ ಮಾಯವಾಗುವ ಕೊಪ್ರಿನೆಲ್ಲಸ್ಸಿನದು ಕಪ್ಪು. ಹುಲ್ಲುಹಾಸಿನಲ್ಲಿ ಬೆಳೆದು ಪ್ರತಿವರ್ಷ ಬಹಳ ಜನರ ಹೊಟ್ಟೆ ಕೆಡಿಸುವ ದೊಡ್ಡ ಬಿಳಿ ಅಣಬೆ ಕ್ಲೊರೊಫಿಲ್ಲಮ್‌ನದು ಮಾಸಲು ಹಸಿರು. ಟೋಪಿ ಬಿಳಿ, ಎಳೆಯದಿದ್ದಾಗ ಕಿವಿರೂ ಬಿಳಿ, ಅಚ್ಚು ಮಾತ್ರ ಹಸಿರು. ಚಿತ್ರ ನೋಡಿ ಹೆಸರಿಡುವವರು ಎಡವುವುದು ಇಂಥಲ್ಲಿ. ಗ್ಯಾನೊಡರ್ಮಾಕ್ಕೆ ಅಚ್ಚು ತೆಗೆಯುವ ಶ್ರಮವೂ ಬೇಡ. ಅದು ಬಿಡುವ ಕಂದು ಪುಡಿ ಅಕ್ಕಪಕ್ಕದ ಎಲೆಗಳ ಮೇಲೆ, ತನ್ನದೇ ಬೆನ್ನಿನ ಮೇಲೆ ಕೋಕೋ ಪುಡಿಯಂತೆ ಕೂತಿರುತ್ತದೆ.

ಇಷ್ಟಾದ ಮೇಲೂ ಸಿಗುವುದು ಹೆಚ್ಚಿನ ಬಾರಿ ಕುಲದ ಹೆಸರು, ಜಾತಿಯದಲ್ಲ. ಅಲ್ಲಿಗೇ ನಿಲ್ಲುವುದು ಸೋಲಲ್ಲ, ಪ್ರಾಮಾಣಿಕತೆ ಎಂಬುದು ನನ್ನ ಪಕ್ಷ. ಗ್ಯಾನೊಡರ್ಮಾದ್ದೇ ಉದಾಹರಣೆ ನೋಡಿ. ಮೆರುಗಿನ ಕೆಂಪು ಅಣಬೆ ಎಲ್ಲಿ ಕಂಡರೂ ನಮ್ಮ ಪುಸ್ತಕಗಳು ಗ್ಯಾನೊಡರ್ಮಾ ಲುಸಿಡಮ್ ಎಂದು ಬರೆದವು. ಆ ಹೆಸರು ಹುಟ್ಟಿದ್ದು 1781ರಲ್ಲಿ, ಇಂಗ್ಲೆಂಡಿನಲ್ಲಿ ಸಿಕ್ಕ ಒಂದು ಅಣಬೆಗೆ. ಡಿಎನ್‌ಎ ಓದಲು ಸಾಧ್ಯವಾದ ಮೇಲೆ ಏಷ್ಯಾದಲ್ಲಿ ಅದೇ ಹೆಸರಿನಿಂದ ಕರೆಯುತ್ತಿದ್ದ ಹಲವು ಅಣಬೆಗಳು ಬೇರೆಯವೇ ಎಂದು ಗೊತ್ತಾಯಿತು. ಚೀನಾದಲ್ಲಿ ಶತಮಾನಗಳಿಂದ ಔಷಧಿಯೆಂದು ಪೂಜಿಸಿಕೊಂಡ ಲಿಂಗ್‌ಝಿಗೆ ಪ್ರತ್ಯೇಕ ವೈಜ್ಞಾನಿಕ ಹೆಸರು ಬಂದದ್ದು 2012ರಲ್ಲಿ! ಶಿಲೀಂಧ್ರಗಳನ್ನು ಗುರುತಿಸಲು ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನು ಸಾಮಾನ್ಯ ಗುರುತುಪಟ್ಟಿಯಾಗಿ ವಿಜ್ಞಾನಿಗಳು ಮುಂದಿಟ್ಟದ್ದೂ ಅದೇ ವರ್ಷ. ಭೂಮಿಯ ಮೇಲೆ 22ರಿಂದ 38 ಲಕ್ಷ ಜಾತಿಯ ಶಿಲೀಂಧ್ರಗಳಿರಬಹುದೆಂಬ ಅಂದಾಜಿದೆ. ಹೆಸರಿಟ್ಟಿರುವುದು ಸುಮಾರು ಒಂದೂವರೆ ಲಕ್ಷಕ್ಕೆ. ಆಗುಂಬೆಯ ಕೊರಡಿನ ಮೇಲೆ ನಿಮಗೆ ಕಂಡದ್ದಕ್ಕೆ ಇನ್ನೂ ಹೆಸರೇ ಇಲ್ಲದಿರುವ ಸಾಧ್ಯತೆ ಸಣ್ಣದೇನಲ್ಲ. ಆ್ಯಪಿಗೆ ಈ ಸಂಕೋಚವಿಲ್ಲ. ತಾನು ಕಲಿತ ಚಿತ್ರಗಳಲ್ಲಿ ಹತ್ತಿರದ್ದು ಯಾವುದೋ ಅದನ್ನು ಹೇಳಿಬಿಡುತ್ತದೆ, ಅದು ಕಲಿತ ಚಿತ್ರಗಳಲ್ಲಿ ಯುರೋಪು, ಅಮೆರಿಕದವೇ ಹೆಚ್ಚು.

ಇನ್ನು ಬದಿಗಿಟ್ಟ ಪ್ರಶ್ನೆ. ‘ನೆಲದ್ದು ವಿಷ ಇರಬಹುದು, ಮರದ್ದು ಮೋಸವಿಲ್ಲ’ ಎಂಬ ಮಾತು ಹಲವು ಕಡೆ ಚಾಲ್ತಿಯಲ್ಲಿದೆ. ಸುಳ್ಳು. ಮಾರಕ ಅಣಬೆಗಳಲ್ಲಿ ಕುಖ್ಯಾತವಾದ ಅಮಾನಿಟಾಗಳು ನೆಲದವು, ನಿಜ. ಆದರೆ ಅದೇ ವಿಷ, ಅಮಾಟಾಕ್ಸಿನ್, ತಂಪು ನಾಡುಗಳ ಕೊಳೆತ ಮರದ ಮೇಲೆ ಬೆಳೆಯುವ ಗ್ಯಾಲರಿನಾ ಎಂಬ ಪುಟ್ಟ ಕಂದು ಅಣಬೆಯಲ್ಲೂ ಇದೆ. ಜಪಾನಿನ ಪ್ರಸಂಗ ಇನ್ನೂ ಯೋಚಿಸುವಂಥದ್ದು. ಅಲ್ಲಿ ಸುಗಿಹಿರಾತಾಕೆ ಎಂಬ ತೆಳು ಬಿಳಿ ಅಣಬೆ ಸೂಜಿಯೆಲೆ ಮರಗಳ ಕೊಳೆತ ಬೊಡ್ಡೆಗಳ ಮೇಲೆ ಬೆಳೆಯುತ್ತದೆ, ನೋಡಲು ಚಿಪ್ಪಣಬೆಯ ಹಾಗೇ. ಹಳ್ಳಿಯವರು ತಲೆಮಾರುಗಳಿಂದ ತಿಂದವರೇ. 2004ರ ಶರತ್ಕಾಲದಲ್ಲಿ ಅದನ್ನು ತಿಂದವರಲ್ಲಿ ಮಿದುಳಿನ ತೊಂದರೆ ಕಾಣಿಸಿಕೊಂಡು 17 ಜನ ಸತ್ತರು. ಹೆಚ್ಚಿನವರು ಮೂತ್ರಪಿಂಡದ ಕಾಯಿಲೆ ಇದ್ದವರು. ‘ನಮ್ಮಜ್ಜಿ ತಿನ್ನುತ್ತಿದ್ದರು’ ಎಂಬ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎಂದಲ್ಲ. ಅಜ್ಜಿಯ ಮೂತ್ರಪಿಂಡ ಸರಿಯಿತ್ತೇ, ಅಜ್ಜಿ ತಿಂದದ್ದು ಇದನ್ನೇ ಹೌದೇ, ಎರಡನ್ನೂ ಕೇಳಬೇಕು.

ನಮ್ಮಲ್ಲಿ ಅಣಬೆಯ ಜ್ಞಾನ ಗಟ್ಟಿಯಾಗಿಯೇ ಇದೆ. ಆದರೆ ಅದರ ಬಹುಪಾಲು ನೆಲದ ಅಣಬೆಗಳದ್ದು. ಕೊಡಗಿನ ಕುಮ್ಮು ಹುಡುಕುವವರು, ತುಳುನಾಡಿನಲ್ಲಿ ಲಾಂಬು ಆರಿಸುವವರು ಹೆಚ್ಚಾಗಿ ನೆಚ್ಚುವುದು ಹುತ್ತದ ಅಣಬೆಯನ್ನು. ಗೆದ್ದಲು ತನ್ನ ಗೂಡಿನಲ್ಲಿ ಸಾಕುವ ಟರ್ಮಿಟೊಮೈಸಿಸ್ ಅದು. ಅದರ ಕಾಲು ಬೇರಿನಂತೆ ಇಳಿದು ನೆಲದಡಿಯ ಗೆದ್ದಲ ಗೂಡನ್ನು ಮುಟ್ಟುತ್ತದೆ. ಆ ಗುರುತಿನ ಮೇಲೆ ನಿಂತ ನಂಬಿಕೆಯನ್ನು ಕೊರಡಿನ ಮೇಲಿನ ಅಣಬೆಗೆ ವಿಸ್ತರಿಸುವಂತಿಲ್ಲ. ಊರು ಬಿಟ್ಟು ಬೇರೆ ಸೀಮೆಗೆ ಹೋದವರಿಗಂತೂ ಈ ಅಪಾಯ ದೊಡ್ಡದು, ಊರಿನದನ್ನೇ ಹೋಲುವ ಬೇರೊಂದು ಅಲ್ಲಿ ಕಾದಿರುತ್ತದೆ. ಹುಳು ತಿಂದಿದೆ, ಆದ್ದರಿಂದ ವಿಷವಲ್ಲ. ಬೆಳ್ಳಿಯ ಚಮಚ ಕಪ್ಪಾಗಲಿಲ್ಲ. ಅರಿಶಿನ ಹಾಕಿ ಕುದಿಸಿದರೆ ಸರಿಹೋಗುತ್ತದೆ: ಈ ಮೂರೂ ಸುಳ್ಳು. ಅಮಾಟಾಕ್ಸಿನ್ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡಿನ ಅಣಬೆ ತಿಂದು 13 ಜನ ಸತ್ತಾಗ ಅವರೂ ಬೇಯಿಸಿಯೇ ತಿಂದಿದ್ದರು.

ಆ ವಿಷದ ನಡೆ ಮೋಸದ್ದು. ತಿಂದ ಆರು ಗಂಟೆಯವರೆಗೆ, ಎಷ್ಟೋ ಬಾರಿ ಅದಕ್ಕೂ ಹೆಚ್ಚು ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಒಂದು ದಿನ ಕಳೆದು ಸುಧಾರಿಸಿದಂತೆ ಅನ್ನಿಸುತ್ತದೆ. ಆಗಲೇ ಯಕೃತ್ತು ಹಾಳಾಗುತ್ತಿರುತ್ತದೆ. ಆದ್ದರಿಂದ ಕಾಡಿನ ಅಣಬೆ ತಿಂದು ಹೊತ್ತು ಕಳೆದ ಮೇಲೆ ವಾಂತಿ ಶುರುವಾದರೆ, ಮಧ್ಯೆ ಗುಣವಾದಂತೆ ಕಂಡರೂ ಆಸ್ಪತ್ರೆಗೆ ಹೋಗಬೇಕು, ಉಳಿದ ಅಣಬೆಯ ಚೂರುಗಳನ್ನು, ಸಿಪ್ಪೆಯನ್ನಾದರೂ, ಕೈಯಲ್ಲಿ ಒಯ್ಯಬೇಕು. ಅಣಬೆ ತಿನ್ನುವ ಆಸೆ ಮಾತ್ರ ಇದ್ದವರಿಗೆ ಸುಲಭದ ದಾರಿಯಿದೆ: ಚಿಪ್ಪಣಬೆ ಕಾಡಿನಲ್ಲಿ ಸತ್ತ ಮರ ತಿನ್ನುವ ಜೀವಿಯೇ, ಭತ್ತದ ಹುಲ್ಲಿನಲ್ಲೂ ಖುಷಿಯಾಗಿ ಬೆಳೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ತರಬೇತಿಯೂ ಸಿಗುತ್ತದೆ.

ನೋಡುವ ಆಸೆ ಇದ್ದವರಿಗೆ ಚಿತ್ರ ತೆಗೆಯುವ ಕ್ರಮವೊಂದನ್ನು ಹೇಳಬಹುದು. ಮೊದಲು ದೂರದಿಂದ, ಮರ ಪೂರ್ತಿ ಕಾಣುವಂತೆ. ಆಮೇಲೆ ಅಣಬೆ ಮರಕ್ಕೆ ಅಂಟಿದ ಜಾಗ. ಆಮೇಲೆ ಅಡಿಭಾಗ, ತೀರ ಹತ್ತಿರದಿಂದ. ಆಮೇಲೆ ಉದ್ದಕ್ಕೆ ಸೀಳಿದ ಒಳಭಾಗ. ಪಕ್ಕದಲ್ಲಿ ಒಂದು ನಾಣ್ಯವಿರಲಿ, ಗಾತ್ರ ತಿಳಿಯುತ್ತದೆ. ಮರದ ಊರಿನ ಹೆಸರು ಗೊತ್ತಿದ್ದರೆ ಬರೆದುಕೊಳ್ಳಿ, ಗೊತ್ತಿಲ್ಲದಿದ್ದರೆ ತೊಗಟೆಯ ಚಿತ್ರ ಸಾಕು. ಕೊಳೆತ ಬಿಳಿಯೋ ಕಂದೋ, ಮೂಸಿದರೆ ಏನು ವಾಸನೆ, ಮುಟ್ಟಿದರೆ ಬಣ್ಣ ಬದಲಾಯಿತೇ ಎಂಬುದನ್ನು ಅಲ್ಲೇ ಬರೆಯಬೇಕು, ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ. ಮಾದರಿ ತರುವುದಾದರೆ ಕಾಗದದ ಪೊಟ್ಟಣದಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಸಂಜೆಯೊಳಗೆ ಲೋಳೆಯಾಗಿ, ಬೀಜಕದ ಅಚ್ಚು ತೆಗೆಯಲೂ ಬಾರದ ಹಾಗಾಗುತ್ತದೆ. ಇದೆಲ್ಲ ನಿಮ್ಮ ತೋಟ, ಬೇಣದ ಮಾತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಬಿದ್ದ ಕಡ್ಡಿಯ ಮೇಲಿನದನ್ನೂ ಅನುಮತಿಯಿಲ್ಲದೆ ತೆಗೆಯುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ. ಅಲ್ಲಿ ಕನ್ನಡಿಯ ಸಣ್ಣ ಚೂರೊಂದು ಜೇಬಿನಲ್ಲಿದ್ದರೆ, ಅಣಬೆ ಕೀಳದೆಯೇ ಅದರ ಅಡಿಭಾಗ ನೋಡಬಹುದು.